ವರ್ತನೆಯನ್ನು ಅಳೆಯುವ ಬಗೆ: ಕಾಲ ಬಳಕೆ ಸಮೀಕ್ಷೆಯ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಸಮೀಕ್ಷೆಯ ಸಂದರ್ಭದಲ್ಲಿ ಕ್ಷೇತ್ರ ಸಿಬ್ಬಂದಿಯು ಕೇಳುವ ಕೆಲವು ಪ್ರಶ್ನೆಗಳು ಅನಗತ್ಯವೆಂದು ಅನೇಕ ನಾಗರಿಕರು ಭಾವಿಸುವುದುಂಟು. ಅದರಲ್ಲಿಯೂ ನಿನ್ನೆಯ ದಿನವನ್ನು ಹೇಗೆ ಕಳೆದಿರಿ ಎಂಬ ಪ್ರಶ್ನೆಯು ಸರ್ಕಾರಕ್ಕೆ ಏಕೆ ಬೇಕೆಂಬ ಸಂದೇಹ ಸಹಜವಾದುದು. ಈ ಹಿನ್ನೆಲೆಯಲ್ಲಿ, ಜನರ ವರ್ತನೆಯನ್ನು ಅಳೆಯುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಸಮೀಕ್ಷಾ ವಿಧಾನವನ್ನು ಕಲಿಯುವವರು ಮೊದಲು ಅರಿಯಬೇಕಾದ ಅಂಶವೆಂದರೆ, ಜನರು ಮಾಡುವುದಕ್ಕೂ ತಾವು ಮಾಡುವುದಾಗಿ ಹೇಳುವುದಕ್ಕೂ ಅಂತರವಿರುತ್ತದೆ ಎಂಬುದು. ಇದು ಸುಳ್ಳು ಹೇಳುವ ಪ್ರಶ್ನೆಯಲ್ಲ. "ಸಾಮಾನ್ಯವಾಗಿ ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡುತ್ತೀರಿ" ಎಂದು ಗೃಹಿಣಿಯೊಬ್ಬರನ್ನು ಕೇಳಿದಲ್ಲಿ, "ಕೆಲಸವೇನೂ ಇಲ್ಲ, ಮನೆಯಲ್ಲಿಯೇ ಇರುತ್ತೇನೆ" ಎಂಬ ಉತ್ತರ ಬರುವುದು ಅಪರೂಪವಲ್ಲ. ಅದೇ ಮಹಿಳೆಯು ನೀರು ತುಂಬಿಸಿ, ಅಡುಗೆ ಮಾಡಿ, ಬಟ್ಟೆ ಒಗೆದು, ವಯೋವೃದ್ಧರಿಗೆ ಔಷಧ ನೀಡಿ ದಿನ ಕಳೆದಿರುತ್ತಾರೆ. ಪ್ರಶ್ನೆಯ ಸ್ವರೂಪದಿಂದಲೇ ಅವರ ದುಡಿಮೆಯು ಲೆಕ್ಕದಿಂದ ಹೊರಗುಳಿಯುತ್ತದೆ.

ಆದುದರಿಂದ ರಾಷ್ಟ್ರೀಯ ಸಾಂಖ್ಯಿಕ ಕಛೇರಿಯು 2019ರಲ್ಲಿ ದೇಶದಾದ್ಯಂತ ಮೊದಲ ಬಾರಿಗೆ ನಡೆಸಿದ ಕಾಲ ಬಳಕೆ ಸಮೀಕ್ಷೆಯಲ್ಲಿ ಬೇರೆ ಕ್ರಮವನ್ನು ಅನುಸರಿಸಲಾಯಿತು. ಇದಕ್ಕೆ ಮುನ್ನ 1998-99ರಲ್ಲಿ ಆರು ರಾಜ್ಯಗಳಲ್ಲಿ ಪ್ರಾಯೋಗಿಕ ಸಮೀಕ್ಷೆ ನಡೆದಿದ್ದು, ಅವುಗಳಲ್ಲಿ ಕರ್ನಾಟಕ ಇರಲಿಲ್ಲ. 2019ರ ಸಮೀಕ್ಷೆಯಲ್ಲಿ 1,38,799 ಕುಟುಂಬಗಳ 6 ವರ್ಷ ಮೇಲ್ಪಟ್ಟ ಸದಸ್ಯರಿಂದ, ಹಿಂದಿನ ದಿನದ ಬೆಳಗಿನ ಜಾವ 4 ಗಂಟೆಯಿಂದ ಸಂದರ್ಶನದ ದಿನದ ಬೆಳಗಿನ ಜಾವ 4 ಗಂಟೆಯವರೆಗಿನ ವಿವರವನ್ನು ಅರ್ಧ ಗಂಟೆಯ ಅವಧಿಗಳಾಗಿ ಪಡೆಯಲಾಯಿತು. ಏಕಕಾಲದಲ್ಲಿ ಎರಡು ಕೆಲಸ ಮಾಡಿದ್ದಲ್ಲಿ ಅದನ್ನೂ ದಾಖಲಿಸಲಾಯಿತು. ಲೆಕ್ಕಪತ್ರ ಬಲ್ಲವರಿಗೆ ಇದರ ಅನುಕೂಲವು ಕೂಡಲೇ ತಿಳಿಯುತ್ತದೆ: ದಿನದ 1,440 ನಿಮಿಷಗಳು ತಾಳೆಯಾಗಲೇಬೇಕು. ಒಂದು ಕಡೆ ಹೆಚ್ಚಿಗೆ ಹೇಳಿದರೆ ಮತ್ತೊಂದು ಕಡೆ ಕಡಿಮೆಯಾಗುತ್ತದೆ.

ಸದರಿ ಸಮೀಕ್ಷೆಯ ಪ್ರಕಾರ, ವೇತನರಹಿತ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಪುರುಷರು 97 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸಿದ್ದರು. ಈ ಅಂಕಿಗಳನ್ನು ಎಚ್ಚರಿಕೆಯಿಂದ ಓದತಕ್ಕದ್ದು. ಇದು ಆ ದಿನ ಮನೆಗೆಲಸ ಮಾಡಿದವರ ಸರಾಸರಿ ಮಾತ್ರ. ಮಹಿಳೆಯರಲ್ಲಿ ಶೇ. 81.2ರಷ್ಟು ಜನ ಅದರಲ್ಲಿ ತೊಡಗಿದ್ದರೆ, ಪುರುಷರಲ್ಲಿ ಶೇ. 26.1ರಷ್ಟು ಮಾತ್ರ. ಎಲ್ಲ ಪುರುಷರಿಗೂ ಹಂಚಿದಲ್ಲಿ ಅವರ ಪಾಲು ಸುಮಾರು 25 ನಿಮಿಷಕ್ಕೆ ಇಳಿಯುತ್ತದೆ. ಪತ್ರಿಕೆಗಳ ಶೀರ್ಷಿಕೆಗಳಲ್ಲಿ ಈ ವ್ಯತ್ಯಾಸವು ಬಹುತೇಕ ಮರೆಯಾಗುತ್ತದೆ. 2024ರ ಸಮೀಕ್ಷೆಯಲ್ಲಿ ತೊಡಗಿದವರ ಸರಾಸರಿಯು ಕ್ರಮವಾಗಿ 289 ಹಾಗೂ 88 ನಿಮಿಷಗಳೆಂದು ಕಂಡುಬಂದಿದೆ.

ಪ್ರಶ್ನೆಗಳ ಅನುಕ್ರಮವೂ ಉತ್ತರವನ್ನು ಬದಲಿಸಬಲ್ಲದು. 2018ರಲ್ಲಿ ನಡೆದ 76ನೇ ಸುತ್ತಿನ ಸಮೀಕ್ಷೆಯಲ್ಲಿ, ಸರ್ಕಾರಿ ಯೋಜನೆಗಳಿಂದ ದೊರೆತ ಸೌಲಭ್ಯದ ಪ್ರಶ್ನೆಯನ್ನು ಶೌಚಾಲಯ ಲಭ್ಯತೆಯ ಪ್ರಶ್ನೆಗಿಂತ ಮುಂಚಿತವಾಗಿ ಕೇಳಿದ್ದರಿಂದ ಉತ್ತರಗಳಲ್ಲಿ ವಾಲಿಕೆ ಇರಬಹುದೆಂದು ಅದರ ವರದಿಯಲ್ಲಿಯೇ ನಮೂದಿಸಲಾಗಿದೆ. ಕೇಳುವ ಬದಲು ಕಣ್ಣಾರೆ ನೋಡಬಹುದಲ್ಲವೇ ಎಂದರೆ, ಅದಕ್ಕೂ ಮಿತಿಯಿದೆ. ಬಾಂಗ್ಲಾದೇಶದ ಗ್ರಾಮೀಣ ಮನೆಗಳಲ್ಲಿ ಸೋಪಿನೊಳಗೆ ಚಲನೆ ಗುರುತಿಸುವ ಸಾಧನವನ್ನಿರಿಸಿ ನಡೆಸಿದ, 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವೀಕ್ಷಕರು ಮನೆಯಲ್ಲಿ ಕುಳಿತ ದಿನ ಸೋಪಿನ ಬಳಕೆಯು ಸುಮಾರು ಶೇ. 35ರಷ್ಟು ಹೆಚ್ಚಿತ್ತು. ಅತಿಥಿ ಬಂದ ದಿನ ಮನೆ ಗುಡಿಸಿದಂತೆ!

ಪಡಿತರ ಚೀಟಿ ಅಥವಾ ಪಿಂಚಣಿ ರದ್ದಾಗಬಹುದೆಂಬ ಭಯದಿಂದ ಕೆಲವರು ವಿವರ ಮುಚ್ಚಿಡುತ್ತಾರೆ. ಅಂಕಿಅಂಶ ಸಂಗ್ರಹಣಾ ಅಧಿನಿಯಮ, 2008ರ ಅಡಿಯಲ್ಲಿ ಪಡೆದ ಮಾಹಿತಿಯನ್ನು ಸಾಂಖ್ಯಿಕ ಉದ್ದೇಶಕ್ಕಾಗಿ ಬಳಸತಕ್ಕದ್ದೆಂದು ಸದರಿ ಅಧಿನಿಯಮದ 9ನೇ ಪ್ರಕರಣವು ವಿಧಿಸುತ್ತದೆ. ಸೌಲಭ್ಯ ಕೋರಿ ಸಲ್ಲಿಸುವ ಅರ್ಜಿಯೇ ಬೇರೆ, ಸಮೀಕ್ಷೆಯ ಅನುಸೂಚಿಯೇ ಬೇರೆ.

ಸಮೀಕ್ಷೆಗೆ ಬರುವ ಸಿಬ್ಬಂದಿಯ ಗುರುತಿನ ಚೀಟಿಯನ್ನು ಪರಿಶೀಲಿಸಿಕೊಳ್ಳಬಹುದು. ಮನೆಯ ಯಜಮಾನರು ಇತರರ ಪರವಾಗಿ ಉತ್ತರಿಸುವ ಬದಲು, ಸಾಧ್ಯವಾದಷ್ಟೂ ಆಯಾ ಸದಸ್ಯರೇ, ವಿಶೇಷವಾಗಿ ಮಹಿಳೆಯರು, ತಮ್ಮ ದಿನದ ವಿವರವನ್ನು ಸ್ವತಃ ನೀಡುವಂತೆ ಕೋರಲಾಗಿದೆ.