ಒಂದು ಕಸುಬಿಗೆ ಒಂದೇ ಕುರ್ಚಿ

ಒಂದು ಶಾಫ್ಟ್ ತಯಾರಾಗಬೇಕಾದರೆ ಲೇತ್ ಒಂದೇ ಸಾಲದು. ಟರ್ನಿಂಗ್ ಒಬ್ಬರಲ್ಲಿ, ಕೀ ವೇ ಕೊರೆಯುವುದು ಇನ್ನೊಬ್ಬರಲ್ಲಿ, ಹೀಟ್ ಟ್ರೀಟ್‌ಮೆಂಟ್ ಮತ್ತೊಂದು ಕಡೆ, ಆಮೇಲೆ ಗ್ರೈಂಡಿಂಗ್. ಬೆಂಗಳೂರಿನ ಕಾಮಾಕ್ಷಿಪಾಳ್ಯದಿಂದ ದೀಪಾಂಜಲಿ ನಗರದವರೆಗಿನ ಸಣ್ಣ ವರ್ಕ್‌ಶಾಪ್‌ಗಳು ಬದುಕಿದ್ದೇ ಹೀಗೆ ಕೈಯಿಂದ ಕೈಗೆ ಸಾಗುವ ಜಾಬ್ ವರ್ಕ್‌ನಿಂದ. ಯಾರ ಕೆಲಸ ಅಚ್ಚುಕಟ್ಟು, ಯಾರು ಹೇಳಿದ ದಿನಕ್ಕೆ ಮಾಲು ಕೊಡುತ್ತಾರೆ ಎಂಬುದು ಬೀದಿಗೆಲ್ಲ ಗೊತ್ತಿರುತ್ತಿತ್ತು. ದೊಡ್ಡ ಕಾರ್ಖಾನೆಗಳೂ ಹತ್ತಿರದಲ್ಲೇ ಇದ್ದವು: ಮೈಸೂರು ರಸ್ತೆಯಲ್ಲಿ ಕವಿಕಾ ಇತ್ತು, 1976ರಲ್ಲಿ ಬಿಎಚ್‌ಇಎಲ್‌ನ ಎಲೆಕ್ಟ್ರಾನಿಕ್ಸ್ ವಿಭಾಗವೂ ಬಂತು.

ಸಂಘ ಕಟ್ಟುವ ಅಭ್ಯಾಸವೂ ಈ ಭಾಗಕ್ಕೆ ಹೊಸದಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿತು. ಅದೇ ಇಂದಿನ ಎಫ್‌ಕೆಸಿಸಿಐ. ಸಣ್ಣ ಕೈಗಾರಿಕೆಗಳವರ ಕಾಸಿಯಾ 1949ರದು. ಅದರ ಕಚೇರಿ ದೀಪಾಂಜಲಿ ನಗರಕ್ಕೆ ಕೂಗಳತೆಯ ವಿಜಯನಗರದಲ್ಲಿದೆ. ಇಂಥ ಸಂಘಗಳಲ್ಲಿ ಸೇರುವವರು ಒಂದೇ ಕಷ್ಟದವರು. ವಿದ್ಯುತ್ ದರ ಏರಿದರೆ, ಕಚ್ಚಾ ಮಾಲು ಸಿಗದಿದ್ದರೆ, ಪೈಪೋಟಿ ಮರೆತು ಒಟ್ಟಿಗೆ ಸರ್ಕಾರದ ಮುಂದೆ ಹೋಗುತ್ತಾರೆ.

ಈಗ ಬೆಳೆಯುತ್ತಿರುವ ಗುಂಪುಗಳ ಜಾಯಮಾನವೇ ಬೇರೆ. ಇವರು ಹೋಗುವುದು ಸರ್ಕಾರದ ಬಾಗಿಲಿಗಲ್ಲ, ಗಿರಾಕಿಯ ಬಾಗಿಲಿಗೆ. ಇದರ ಬೀಜ 1905ರಲ್ಲಿ ಷಿಕಾಗೊದಲ್ಲಿ ಪಾಲ್ ಹ್ಯಾರಿಸ್ ಆರಂಭಿಸಿದ ರೋಟರಿಯಲ್ಲಿದೆ: ಒಂದೊಂದು ವೃತ್ತಿಯಿಂದ ಒಬ್ಬೊಬ್ಬರು. ರೋಟರಿ ಸೇವೆಯತ್ತ ಹೊರಳಿತು. ಅದೇ ನಿಯಮವನ್ನು ವ್ಯಾಪಾರಕ್ಕೆಂದೇ ಬಿಗಿಗೊಳಿಸಿದ್ದು ಕ್ಯಾಲಿಫೋರ್ನಿಯಾದಲ್ಲಿ ಐವನ್ ಮೈಸ್ನರ್ 1985ರಲ್ಲಿ ಕಟ್ಟಿದ ಬಿಎನ್‌ಐ. ಬೆಂಗಳೂರಿನಲ್ಲೂ ಅದರ ಚಾಪ್ಟರ್‌ಗಳಿವೆ. ವಾರಕ್ಕೊಂದು ಸಭೆ, ಸಾಮಾನ್ಯವಾಗಿ ಬೆಳಗಿನ ಹೊತ್ತು. ಒಬ್ಬ ಒಳಾಂಗಣ ವಿನ್ಯಾಸಕ ಇದ್ದರೆ ಇನ್ನೊಬ್ಬರಿಗೆ ಅಲ್ಲಿ ಜಾಗವಿಲ್ಲ. ಸದಸ್ಯತ್ವ ಬೆಳೆದಂತೆ ಹೊಸ ಚಾಪ್ಟರ್‌ಗಳು ಹುಟ್ಟಲು ಇದೂ ಒಂದು ಕಾರಣ. ಇಲ್ಲಿ ಕುರ್ಚಿ ಸಿಗದವರಿಗೆ ಬೇರೆ ಮನೆ ಬೇಕೇ ಬೇಕು.

ಸಭೆಯಲ್ಲಿ ಪ್ರತಿಯೊಬ್ಬರಿಗೂ ಸಿಗುವುದು ಸುಮಾರು ಒಂದು ನಿಮಿಷ. ಹೊಸಬರು ಎದ್ದು, ‘ಯಾರಿಗಾದರೂ ಸಿಸಿಟಿವಿ ಬೇಕಿದ್ದರೆ ಹೇಳಿ’ ಎನ್ನುತ್ತಾರೆ. ಯಾರಿಗೂ ಏನೂ ಹೊಳೆಯುವುದಿಲ್ಲ. ಪಳಗಿದವರು ಕೇಳುವ ಬಗೆ ಬೇರೆ: ‘ನಾಗರಬಾವಿಯಲ್ಲಿ ನೂರು ಮನೆಗಳ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಯಾರಿಗಾದರೂ ಪರಿಚಯವೇ?’ ತಕ್ಷಣ ಒಬ್ಬರಿಗೆ ಭಾವನ ನೆನಪಾಗುತ್ತದೆ. ಈ ಗುಂಪುಗಳು ಕಲಿಸುವ ನಿಜವಾದ ವಿದ್ಯೆ ಇದೇ ಎಂದು ನನಗನ್ನಿಸುತ್ತದೆ. ಅಲ್ಲಿಂದ ಹುಟ್ಟಿದ ರೆಫರಲ್‌ನಲ್ಲಿ ಶಿಫಾರಸು ಮಾಡಿದವರ ಹೆಸರೂ ಪಣಕ್ಕಿರುತ್ತದೆ. ಕೆಲಸ ಕೆಟ್ಟರೆ ಮುಂದಿನ ವಾರ ಅದೇ ಮೇಜಿನಲ್ಲಿ ಮುಖ ಕೊಟ್ಟು ಕೂರಬೇಕು. ಜಾಹೀರಾತಿಗೆ ಈ ಹೊಣೆಯಿಲ್ಲ. ಒಬ್ಬ ಹೊಸ ಸದಸ್ಯ ಬಂದರೆ ಅವರ ಬಂಧು ಬಳಗ, ಹಳೆಯ ಗಿರಾಕಿಗಳೆಲ್ಲ ಗುಂಪಿನ ಸಮೀಪಕ್ಕೆ ಬಂದಂತೆ. ಅದಕ್ಕೇ ಸದಸ್ಯರೇ ಅತಿಥಿಗಳನ್ನು ಕರೆತರುತ್ತಾರೆ.

ಮೆಟ್ರೊ ಕೂಡ ನೆರವಾಗಿದೆ. 2015ರ ನವೆಂಬರ್ 16ರಂದು ಮಾಗಡಿ ರಸ್ತೆ–ಮೈಸೂರು ರಸ್ತೆ ಮಾರ್ಗ ತೆರೆದಾಗ ದೀಪಾಂಜಲಿ ನಗರಕ್ಕೂ ನಿಲ್ದಾಣ ಬಂತು. ಊರಿನ ಇನ್ನೊಂದು ತುದಿಯ ಗಿರಾಕಿಯನ್ನು ಕಂಡು ಮಧ್ಯಾಹ್ನದೊಳಗೆ ಅಂಗಡಿಗೆ ಮರಳುವುದು ಸುಲಭವಾಯಿತು.

ಆದರೆ ಮೂವರು ಕೆಲಸಗಾರರ ವರ್ಕ್‌ಶಾಪ್ ನಡೆಸುವವರು ಈ ಮೇಜಿಗೆ ಬರುವುದು ಕಷ್ಟ. ವಾರ್ಷಿಕ ಶುಲ್ಕ ಭಾರ, ಬೆಳಗ್ಗೆ ಮೆಷಿನ್ ಬಿಟ್ಟು ಬರುವಂತಿಲ್ಲ, ಮೇಲಾಗಿ ಇಂಗ್ಲಿಷಿನ ಅಳುಕು. ಕನ್ನಡದಲ್ಲೇ, ಸಂಜೆ ಏಳರ ಮೇಲೆ, ಕಡಿಮೆ ಶುಲ್ಕದಲ್ಲಿ ಸೇರುವ ಗುಂಪುಗಳು ಈ ಭಾಗಕ್ಕೆ ಬೇಕೇ ಬೇಕು. ಇಲ್ಲಿನ ಕಸುಬನ್ನು ಕಟ್ಟಿದವರೇ ಹೊರಗುಳಿಯಬಾರದು.

ಅವರಿಗೆ ಆರ್ಡರಿಗಿಂತ ದೊಡ್ಡ ತಲೆನೋವು ಬಾಕಿ ವಸೂಲಿ. ಸಣ್ಣ ಉದ್ದಿಮೆಗೆ ಗರಿಷ್ಠ 45 ದಿನಗಳಲ್ಲಿ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ದೂರು ಕೊಟ್ಟರೆ ಗಿರಾಕಿಯೇ ಕೈತಪ್ಪುತ್ತಾರೆಂಬ ಭಯಕ್ಕೆ ಎಷ್ಟೋ ಜನ ಸುಮ್ಮನಿರುತ್ತಾರೆ. ಪರಿಚಯಸ್ಥರ ಮೂಲಕ ಬಂದ ಆರ್ಡರಾದರೆ, ಕಾಯ್ದೆಗೂ ಮೊದಲು ನಡುವೆ ನಿಂತವರೇ ಫೋನ್ ಮಾಡಿ ಕೇಳುತ್ತಾರೆ: ‘ಏನ್ ಸಾರ್, ನಮ್ಮವರ ಬಿಲ್ ಏನಾಯ್ತು?’