ಬಂದೂಕಿನ ನಳಿಗೆಯ ಇಂಗಾಲ ನಿವಾರಣೆ

ಬಂದೂಕಿನ ನಳಿಗೆಯ ಇಂಗಾಲ ನಿವಾರಣೆ ಎಂದರೆ ಗುಂಡು ಹಾರಿಸಿದಾಗ ಮದ್ದು ಉರಿದು ನಳಿಗೆಯ ಒಳಮೈಗೆ ಅಂಟಿಕೊಳ್ಳುವ ಗಟ್ಟಿ ಮಸಿಯನ್ನು ತೆಗೆಯುವ ಕ್ರಿಯೆ. ರೈಫಲ್‌ಗಳಲ್ಲಿ ಇದು ತೋಟಾ ಕೂರುವ ಭಾಗದ ಮುಂದೆ ಹೆಚ್ಚಾಗಿ ಶೇಖರವಾಗುತ್ತದೆ. ಪದರ ದಪ್ಪವಾದಂತೆ ಗುರಿಯ ನಿಖರತೆ ಕುಗ್ಗುತ್ತದೆ.

ವಿಧಾನ

ಮೊದಲು ಬಂದೂಕಿನಲ್ಲಿ ತೋಟಾ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಇಂಗಾಲವನ್ನು ಸಡಿಲಿಸುವ ದ್ರಾವಕವನ್ನು ಲೇಪಿಸಿ, ಕೆಲಕಾಲ ನೆನೆಯಲು ಬಿಟ್ಟು, ಕಂಚಿನ ತಂತಿಯ ಬ್ರಷ್‌ನಿಂದ ಉಜ್ಜಲಾಗುತ್ತದೆ. ಸಾಧ್ಯವಿರುವೆಡೆ ಸಲಾಕೆಯನ್ನು ಹಿಂಬದಿಯಿಂದಲೇ ತೂರಿಸಬೇಕು. ಬಾಯಿಯ ಕಡೆಯಿಂದ ತೂರಿಸಿದರೆ ಅಲ್ಲಿನ ಅಂಚು ಸವೆದು ಗುಂಡು ಗುರಿ ತಪ್ಪಬಹುದು. ಬಟ್ಟೆಯ ತುಂಡು ಶುಭ್ರವಾಗಿ ಹೊರಬರುವವರೆಗೆ ಒರೆಸಿ, ಕೊನೆಗೆ ತೆಳುವಾಗಿ ಎಣ್ಣೆ ಸವರಲಾಗುತ್ತದೆ. ಕರಿಮದ್ದಿನ ಮಸಿಯಲ್ಲಿ ತೇವ ಹೀರುವ ಪೊಟ್ಯಾಸಿಯಂ ಲವಣಗಳಿರುವುದರಿಂದ, ಅಂತಹ ಕೋವಿಗಳ ನಳಿಗೆಯನ್ನು ಬಿಸಿನೀರಿನಿಂದ ತೊಳೆದು ಪೂರ್ಣವಾಗಿ ಒಣಗಿಸುವುದು ರೂಢಿ.

ಕರ್ನಾಟಕದಲ್ಲಿ

ಮಳೆ ಹೆಚ್ಚಿರುವ ಕೊಡಗಿನಲ್ಲಿ ಶುಚಿಗೊಳಿಸದೆ ಬಿಟ್ಟ ನಳಿಗೆಗೆ ಬೇಗ ತುಕ್ಕು ಹಿಡಿಯುತ್ತದೆ. ಇಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಬಂದೂಕುಗಳ ಪರವಾನಗಿಯಿಂದ ವಿನಾಯಿತಿಯಿದ್ದು, 2019ರಲ್ಲಿ ಕೇಂದ್ರ ಸರ್ಕಾರವು ಇದನ್ನು 2029ರವರೆಗೆ ಮುಂದುವರಿಸಿತು. ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನು ಶುಚಿಗೊಳಿಸಿ, ತೋಕ್ ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜಿಸಲಾಗುತ್ತದೆ.