ವಸತಿ ಸಹಿತ ವ್ಯಸನಮುಕ್ತಿ ಕೇಂದ್ರಕ್ಕೆ ದಾಖಲಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

(ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಮದ್ಯ ಹಾಗೂ ಮಾದಕ ವಸ್ತುಗಳ ಅವಲಂಬನೆಯು ಚಿಕಿತ್ಸೆಯಿಂದ ಹತೋಟಿಗೆ ಬರುವ ಕಾಯಿಲೆಯಾಗಿರುತ್ತದೆ. ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯಕ್ಕಾಗಿ ನವದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಾವಲಂಬಿಗಳಾದ 38 ಜನರಲ್ಲಿ ಒಬ್ಬರು ಮಾತ್ರ ಯಾವುದಾದರೊಂದು ಚಿಕಿತ್ಸೆ ಪಡೆದಿರುತ್ತಾರೆ. ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180 ಜನರಲ್ಲಿ ಒಬ್ಬರು ಮಾತ್ರ.

ವರ್ಷಗಟ್ಟಲೆ ಸಹಿಸಿಕೊಂಡ ಕುಟುಂಬವು ಕೇಂದ್ರವೊಂದನ್ನು ಹುಡುಕಲು ಹೊರಡುವುದು ಬಹುತೇಕ ಸಂಕಟದ ಗಳಿಗೆಯಲ್ಲಿ. ಆಗ ಗೋಡೆಯ ಮೇಲಿನ ಜಾಹೀರಾತು ಅಥವಾ ದೂರವಾಣಿಯಲ್ಲಿ ದೊರೆತ ಭರವಸೆಯೇ ನಿರ್ಣಾಯಕವಾಗಿಬಿಡುತ್ತದೆ. ಈ ಆತುರದ ಬೆಲೆ ಹಣವಷ್ಟೇ ಅಲ್ಲ, ಕೆಲವೊಮ್ಮೆ ಜೀವವೂ ಆಗಿರುತ್ತದೆ. ಆದ್ದರಿಂದ ಕೇಂದ್ರವನ್ನು ಅದು ನೀಡುವ ಭರವಸೆಯಿಂದಲ್ಲದೆ, ಅದು ತೋರಿಸಬಲ್ಲ ದಾಖಲೆ, ಅಲ್ಲಿ ಲಭ್ಯವಿರುವ ವೈದ್ಯರು ಮತ್ತು ಅಲ್ಲಿ ರೋಗಿಗೆ ದೊರೆಯುವ ಗೌರವದಿಂದ ಅಳೆಯತಕ್ಕದ್ದು.

1. ವಸತಿ ಚಿಕಿತ್ಸೆ ಎಲ್ಲರಿಗೂ ಅಗತ್ಯವೇ?

ಇಲ್ಲ. ಅನೇಕರು ಮನೆಯಲ್ಲಿದ್ದುಕೊಂಡೇ ಹೊರರೋಗಿಯಾಗಿ ಚಿಕಿತ್ಸೆ ಪಡೆದು ಗುಣಮುಖರಾಗುತ್ತಾರೆ. ಕುಡಿತ ನಿಲ್ಲಿಸಿದಾಗ ಹಿಂದೆ ಫಿಟ್ಸ್ ಅಥವಾ ಚಿತ್ತಭ್ರಮೆ ಉಂಟಾಗಿದ್ದವರು, ಒಂದಕ್ಕಿಂತ ಹೆಚ್ಚು ಮಾದಕ ವಸ್ತುಗಳನ್ನು ಬಳಸುವವರು, ಆತ್ಮಹತ್ಯೆಯ ಯೋಚನೆ ಅಥವಾ ಇತರೆ ತೀವ್ರ ಕಾಯಿಲೆ ಇರುವವರು ಹಾಗೂ ಹೊರರೋಗಿ ಚಿಕಿತ್ಸೆ ಫಲಿಸದವರಿಗೆ ದಾಖಲಾತಿ ಅಗತ್ಯವಾಗಬಹುದು. ಇದನ್ನು ನಿರ್ಧರಿಸಬೇಕಾದವರು ವೈದ್ಯರೇ ಹೊರತು ಕೇಂದ್ರದ ವ್ಯವಸ್ಥಾಪಕರಲ್ಲ. ಆದ್ದರಿಂದ ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಂಡು ಸಲಹೆ ಪಡೆಯುವುದು ಸೂಕ್ತ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿರುತ್ತದೆ.

2. ನೋಂದಣಿ

2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರಲ್ಲಿ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಒಳಗೊಂಡಿರುತ್ತದೆ. ಇಂತಹ ವ್ಯಕ್ತಿಗಳನ್ನು ಇರಿಸಿಕೊಂಡು ಚಿಕಿತ್ಸೆ ಅಥವಾ ಪುನರ್ವಸತಿ ಒದಗಿಸುವ ಸಂಸ್ಥೆಯು ಸದರಿ ಅಧಿನಿಯಮದ 65ನೇ ಪ್ರಕರಣದ ಮೇರೆಗೆ ನೋಂದಣಿಯಾಗಿರತಕ್ಕದ್ದು. ಸಂಘ ಅಥವಾ ಟ್ರಸ್ಟ್ ಆಗಿ ಪಡೆದ ನೋಂದಣಿಯು ಇದಕ್ಕೆ ಬದಲಿಯಾಗುವುದಿಲ್ಲ. ನೋಂದಣಿ ಪ್ರಮಾಣಪತ್ರವನ್ನು ತೋರಿಸುವಂತೆ ಕೇಳಿ, ಅದರಲ್ಲಿನ ಹೆಸರು, ವಿಳಾಸ ಮತ್ತು ಊರ್ಜಿತ ಅವಧಿಯನ್ನು ಸ್ವತಃ ಓದಬೇಕು.

3. ಮೊದಲ ದಿನಗಳ ವೈದ್ಯಕೀಯ ವ್ಯವಸ್ಥೆ

ಇದು ಅತ್ಯಂತ ಮಹತ್ವದ ಅಂಶ. ದೀರ್ಘಕಾಲ ಪ್ರತಿದಿನ ಕುಡಿಯುತ್ತಿದ್ದವರು ಹಠಾತ್ತನೆ ನಿಲ್ಲಿಸಿದಾಗ, ಸಾಮಾನ್ಯವಾಗಿ 6 ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರುವ ಸಂಭವವಿರುತ್ತದೆ. 2 ರಿಂದ 4 ದಿನಗಳ ವೇಳೆಗೆ ಕೆಲವರಲ್ಲಿ ತೀವ್ರ ನಡುಕ, ಜ್ವರ, ಇಲ್ಲದ್ದನ್ನು ಕಾಣುವುದು ಮತ್ತು ಸ್ಥಳ-ಕಾಲಗಳ ಅರಿವು ತಪ್ಪುವುದು ಕಂಡುಬರುತ್ತದೆ. ಚಿಕಿತ್ಸೆ ದೊರೆಯದಿದ್ದಲ್ಲಿ ಇದು ಮಾರಣಾಂತಿಕ. ಇದನ್ನು ಹಠ ಅಥವಾ ನಾಟಕವೆಂದು ಭಾವಿಸಿ ಕೊಠಡಿಯಲ್ಲಿ ಕೂಡಿಹಾಕುವ ಕೇಂದ್ರವು ರೋಗಿಯ ಜೀವವನ್ನೇ ಅಪಾಯಕ್ಕೆ ಒಡ್ಡುತ್ತದೆ.

ಆದುದರಿಂದ ಈ ಕೆಳಕಂಡ ಪ್ರಶ್ನೆಗಳನ್ನು ಕೇಳಬೇಕು:

ಅ) ದಾಖಲಾತಿಯ ದಿನವೇ ವೈದ್ಯರು ರೋಗಿಯನ್ನು ಪರೀಕ್ಷಿಸುವರೇ? ಮನೋವೈದ್ಯರು ವಾರದಲ್ಲಿ ಎಷ್ಟು ದಿನ ಬರುತ್ತಾರೆ?
ಆ) ರಾತ್ರಿ ಪಾಳಿಯಲ್ಲಿ ತರಬೇತಿ ಪಡೆದ ಶುಶ್ರೂಷಕರು ಇರುವರೇ?
ಇ) ಹಿಂತೆಗೆತದ ಲಕ್ಷಣಗಳಿಗೆ ಔಷಧಿ ಹಾಗೂ ಮದ್ಯಾವಲಂಬಿಗಳಿಗೆ ಅತ್ಯವಶ್ಯವಾದ ಥಯಾಮಿನ್ (ಬಿ1 ಜೀವಸತ್ವ) ನೀಡಲಾಗುವುದೇ?
ಈ) ತುರ್ತು ಸಂದರ್ಭದಲ್ಲಿ ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ ಕರೆದೊಯ್ಯಲಾಗುವುದು?

ಉತ್ತರವು ನಿರ್ದಿಷ್ಟವಾಗಿರಬೇಕು. "ಎಲ್ಲವೂ ಇದೆ, ಚಿಂತೆ ಬೇಡ" ಎಂಬುದು ಉತ್ತರವಲ್ಲ.

4. ಸಮ್ಮತಿ ಮತ್ತು ರೋಗಿಯ ಹಕ್ಕುಗಳು

ಸ್ವ-ಇಚ್ಛೆಯಿಂದ ದಾಖಲಾದ ವಯಸ್ಕ ರೋಗಿಗೆ ಆತನ ತಿಳಿವಳಿಕೆಯುಳ್ಳ ಸಮ್ಮತಿಯಿಲ್ಲದೆ ಚಿಕಿತ್ಸೆ ನೀಡುವಂತಿಲ್ಲ. ಸಮ್ಮತಿ ನೀಡಲಾಗದ ಸ್ಥಿತಿಯಲ್ಲಿ, 89ನೇ ಪ್ರಕರಣದ ಮೇರೆಗೆ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿಯನ್ನು ಆಧರಿಸಿ, ಮನೋವೈದ್ಯರೊಬ್ಬರು ಹಾಗೂ ಮತ್ತೊಬ್ಬ ಮಾನಸಿಕ ಆರೋಗ್ಯ ವೃತ್ತಿಪರರು ಅಥವಾ ವೈದ್ಯರು ಪ್ರತ್ಯೇಕವಾಗಿ ಪರೀಕ್ಷಿಸಿದ ನಂತರವೇ 30 ದಿನಗಳವರೆಗೆ ದಾಖಲಿಸಿಕೊಳ್ಳಲು ಅವಕಾಶವಿರುತ್ತದೆ. ಕುಟುಂಬದವರು ಕೇಳಿಕೊಂಡರೆಂಬ ಒಂದೇ ಕಾರಣಕ್ಕೆ ಮನೆಯಿಂದ ಬಲವಂತವಾಗಿ ಹೊತ್ತೊಯ್ಯುವುದು ಈ ವಿಧಾನಕ್ಕೆ ವಿರುದ್ಧವಾದುದು.

ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದನ್ನು 95ನೇ ಪ್ರಕರಣವು, ಏಕಾಂತ ಬಂಧನವನ್ನು 97ನೇ ಪ್ರಕರಣವು ನಿಷೇಧಿಸಿರುತ್ತವೆ. ಕಡ್ಡಾಯವಾಗಿ ತಲೆ ಬೋಳಿಸುವುದು ಹಾಗೂ ಬಲವಂತದ ದುಡಿಮೆಯ ವಿರುದ್ಧ 20ನೇ ಪ್ರಕರಣದಲ್ಲಿ ರಕ್ಷಣೆ ಇರುತ್ತದೆ. ಸಂದರ್ಶಕರನ್ನು ಕಾಣುವ ಮತ್ತು ದೂರವಾಣಿಯಲ್ಲಿ ಮಾತನಾಡುವ ವಿಷಯದಲ್ಲಿಯೂ ರೋಗಿಗೆ ಹಕ್ಕಿದೆ. "ಒಂದು ತಿಂಗಳು ಯಾರೂ ಬರಬಾರದು, ಮಾತನಾಡಬಾರದು" ಎಂಬ ಷರತ್ತನ್ನು ಎಚ್ಚರಿಕೆಯ ಗಂಟೆಯೆಂದೇ ಪರಿಗಣಿಸಬೇಕು. ದಾಖಲಾತಿಗೆ ಮುನ್ನ ಮಲಗುವ ಕೊಠಡಿ, ಅಡುಗೆಮನೆ ಮತ್ತು ಶೌಚಾಲಯಗಳನ್ನು ನೋಡಿ, ಸಾಧ್ಯವಾದಲ್ಲಿ ಅಲ್ಲಿರುವವರೊಂದಿಗೆ ಮಾತನಾಡಬೇಕು.

5. ಚಿಕಿತ್ಸಾ ಕ್ರಮ

ದೇಹದಿಂದ ಮದ್ಯದ ಅಂಶ ಹೊರಹೋಗುವುದು ಚಿಕಿತ್ಸೆಯ ಆರಂಭವಷ್ಟೇ. ಅನಂತರ ವೈಯಕ್ತಿಕ ಮತ್ತು ಗುಂಪು ಆಪ್ತಸಮಾಲೋಚನೆ, ಕುಟುಂಬದವರಿಗೆ ತಿಳಿವಳಿಕೆ, ಖಿನ್ನತೆಯಂತಹ ಜೊತೆ ಕಾಯಿಲೆಗಳ ಚಿಕಿತ್ಸೆ ಹಾಗೂ ಮರುವ್ಯಸನ ತಡೆಯುವ ತರಬೇತಿ ಇರಬೇಕು. ಪ್ರಾರ್ಥನೆ, ಯೋಗ, ಧ್ಯಾನಗಳು ಇವಕ್ಕೆ ಪೂರಕವಾಗಬಲ್ಲವೇ ಹೊರತು ಪರ್ಯಾಯವಲ್ಲ. ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವ ಔಷಧಿಗಳನ್ನು ಖಂಡಿತ ಒಪ್ಪಬಾರದು. ಡೈಸಲ್ಫಿರಾಮ್ ಸೇವಿಸಿದ ವ್ಯಕ್ತಿ ಅದನ್ನರಿಯದೆ ಮದ್ಯ ಸೇವಿಸಿದಲ್ಲಿ ಪ್ರಾಣಾಪಾಯ ಸಂಭವಿಸಬಹುದು.

6. ಶುಲ್ಕ

ಶುಲ್ಕದ ವಿವರವನ್ನು ಲಿಖಿತವಾಗಿ ಪಡೆಯಬೇಕು. ವಸತಿ, ಊಟ, ವೈದ್ಯರ ಶುಲ್ಕ, ಔಷಧಿ ಮತ್ತು ಪ್ರಯೋಗಾಲಯ ಪರೀಕ್ಷೆಗಳಿಗೆ ಪ್ರತ್ಯೇಕ ಮೊತ್ತ ನಮೂದಿಸಿರಬೇಕು. ಪ್ರತಿ ಪಾವತಿಗೂ ಕ್ರಮಸಂಖ್ಯೆಯುಳ್ಳ ರಸೀದಿ ಪಡೆಯಬೇಕು. ಅವಧಿಗೆ ಮುನ್ನ ಬಿಡುಗಡೆಯಾದಲ್ಲಿ ಎಷ್ಟು ಹಣ ಹಿಂದಿರುಗಿಸಲಾಗುವುದು ಎಂಬುದನ್ನು ಮೊದಲೇ ಬರೆಸಿಕೊಳ್ಳಬೇಕು. ಇಡೀ ಅವಧಿಯ ಮೊತ್ತವನ್ನು ಒಮ್ಮೆಗೇ ಮುಂಗಡವಾಗಿ ಕೇಳುವ ಹಾಗೂ "ನೂರಕ್ಕೆ ನೂರು ಗುಣ" ಎಂದು ಖಾತರಿ ನೀಡುವ ಕೇಂದ್ರದ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಮರುಕಳಿಸುವುದು ಈ ಕಾಯಿಲೆಯ ಸ್ವಭಾವವಾದ್ದರಿಂದ ಪ್ರಾಮಾಣಿಕ ವೈದ್ಯರು ಯಾರೂ ಅಂತಹ ಖಾತರಿ ನೀಡಲಾರರು.

7. ಬಿಡುಗಡೆಯ ನಂತರ

ಕೇಂದ್ರದ ನಿಜವಾದ ಗುಣಮಟ್ಟ ಗೊತ್ತಾಗುವುದು ಬಿಡುಗಡೆಯ ನಂತರವೇ. ಚಿಕಿತ್ಸಾ ಸಾರಾಂಶ, ಔಷಧಿ ಚೀಟಿ ಮತ್ತು ಮುಂದಿನ ಭೇಟಿಯ ದಿನಾಂಕವನ್ನು ನೀಡದ ಕೇಂದ್ರವು ಅರ್ಧ ಕೆಲಸವನ್ನಷ್ಟೇ ಮಾಡಿದಂತಾಗುತ್ತದೆ. ಹೆರಾಯಿನ್ ಮುಂತಾದ ಅಫೀಮು ಮೂಲದ ವಸ್ತುಗಳನ್ನು ಬಳಸುತ್ತಿದ್ದವರ ವಿಷಯದಲ್ಲಿ ಇದು ಜೀವನ್ಮರಣದ ಪ್ರಶ್ನೆ. ಕೆಲವು ವಾರ ಬಿಟ್ಟಿದ್ದಾಗ ದೇಹದ ತಾಳಿಕೆ ಕುಗ್ಗುವುದರಿಂದ, ಹಿಂದಿನ ಪ್ರಮಾಣವನ್ನೇ ಪುನಃ ತೆಗೆದುಕೊಂಡಲ್ಲಿ ಉಸಿರು ನಿಂತು ಸಾವು ಸಂಭವಿಸಬಹುದು. ಈ ಎಚ್ಚರಿಕೆಯನ್ನು ರೋಗಿಗೂ ಕುಟುಂಬಕ್ಕೂ ಕೇಂದ್ರವು ತಿಳಿಸಬೇಕು.

8. ಸಹಾಯ ಮತ್ತು ದೂರು

ವ್ಯಸನಮುಕ್ತಿ ಕುರಿತು ರಾಷ್ಟ್ರೀಯ ಶುಲ್ಕರಹಿತ ಸಹಾಯವಾಣಿ 14446 ಹಾಗೂ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ನ್ನು ಸಂಪರ್ಕಿಸಬಹುದು. ಕೇಂದ್ರದಲ್ಲಿ ಹಕ್ಕುಗಳ ಉಲ್ಲಂಘನೆಯಾದಲ್ಲಿ ಅಲ್ಲಿನ ಮುಖ್ಯಸ್ಥರಿಗೆ, ಪರಿಹಾರ ದೊರೆಯದಿದ್ದಲ್ಲಿ ಮಾನಸಿಕ ಆರೋಗ್ಯ ಪುನರ್ವಿಲೋಕನ ಮಂಡಳಿಗೆ ದೂರು ಸಲ್ಲಿಸಬಹುದಾಗಿರುತ್ತದೆ. ಮಂಡಳಿಯ ವಿಳಾಸ ಮತ್ತು ದೂರವಾಣಿ ಸಂಖ್ಯೆಯನ್ನು ಕೇಂದ್ರದೊಳಗೆ ಪ್ರದರ್ಶಿಸುವುದು 72ನೇ ಪ್ರಕರಣದ ಪ್ರಕಾರ ಕೇಂದ್ರದ ಕರ್ತವ್ಯ. ಹಲ್ಲೆ ಅಥವಾ ಅಕ್ರಮ ಬಂಧನ ಕಂಡುಬಂದಲ್ಲಿ ಕೂಡಲೇ 112ಕ್ಕೆ ಕರೆ ಮಾಡಿ ಪೊಲೀಸರ ನೆರವು ಪಡೆಯಬೇಕು.

ಮೇಲ್ಕಂಡ ಅಂಶಗಳನ್ನು ಪರಿಶೀಲಿಸಲು ಒಂದು ದಿನದ ಓಡಾಟ ಸಾಕಾಗಬಹುದು. ಅಷ್ಟರಲ್ಲಿ ರೋಗಿಯ ಸ್ಥಿತಿ ಗಂಭೀರವಾದಲ್ಲಿ ಕಾಯದೆ ಸಮೀಪದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.